ಮೌನಿಯ ವಿಸಿಟಿಂಗ್ ಕಾರ್ಡು

ನಮ್ಮ ಯಜಮಾನರಿಗೆ ಒಂದು ಖಯಾಲಿ. ವಿಸಿಟಿಂಗ್ ಕಾರ್ಡು ಕೈಗೆ ತೆಗೆದುಕೊಂಡವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ‘ಇದೇನ್ರೀ ಇದು?’ ಎಂದು ಕೇಳಲೇಬೇಕು. ಕೇಳಲಿಲ್ಲವೆಂದರೆ ಅದು ಕಾರ್ಡಲ್ಲ, ಬಸ್ ಟಿಕೆಟ್ಟು. ಈ ಖಯಾಲಿಯಿಂದ ನಮ್ಮ ಪ್ರೆಸ್ಸಿಗೆ ಹೆಸರೂ ಬಂದಿದೆ, ನನಗೆ ತಲೆನೋವೂ ಬಂದಿದೆ. ಹಲ್ಲಿನ ಡಾಕ್ಟರಿಗೆ ಒಂದು ಮೂಲೆ ಕಚ್ಚಿ ತೆಗೆದಂಥ ಕಾರ್ಡು ಮಾಡಿಕೊಟ್ಟರು. ಬೀಗ ರಿಪೇರಿಯವನಿಗೆ ನಡುವೆ ಕೀಲಿಕೈ ಆಕಾರದ ತೂತು ಕೊರೆದುಕೊಟ್ಟರು. ಆ ತೂತು ನೇರವಾಗಿ ಫೋನ್ ನಂಬರಿನ ಮೇಲೇ ಬಿತ್ತು ಎನ್ನುವುದು ಬೇರೆ ಮಾತು. ಕೇಳಿದರೆ “ಕಲೆ ಅಂದ್ಮೇಲೆ ಅಷ್ಟೂ ಇರಲ್ವಾ” ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡಿ ಗೆದ್ದವರುಂಟೆ? ನಾನು ಕೌಂಟರಿನಲ್ಲಿ ಕೂತು ಆರ್ಡರ್ ತೆಗೆದುಕೊಳ್ಳುತ್ತೇನೆ, ಅಕ್ಷರ ತಪ್ಪು ನೋಡುತ್ತೇನೆ, ಗಿರಾಕಿಗಳನ್ನು ಯಜಮಾನರ ಕಲೆಯಿಂದ ಆದಷ್ಟು ಕಾಪಾಡುತ್ತೇನೆ.

ಆ ಅಕ್ಕ ತಮ್ಮ ಬಂದದ್ದು ಒಂದು ಬೆಳಿಗ್ಗೆ, ನಮ್ಮವರು ಕಟಿಂಗ್ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಾಗ. ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ಸೋಪಿನ ನೀರಿಗೆ ಬೆರಳೆಲ್ಲ ಸುಕ್ಕುಗಟ್ಟಿದ್ದವು. ತಮ್ಮ ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ಇಪ್ಪತ್ತೈದರ ಆಸುಪಾಸು, ಹೆಗಲಿಗೆ ಸಾಮಾನಿನ ಚೀಲ. ಮಾತೆಲ್ಲ ಅಕ್ಕನದೇ.

“ನಮ್ಮ ಸೋದರಮಾವನ ಹತ್ರ ಕೆಲಸ ಕಲಿತಿದಾನೆ ಸಾರ್. ಮಾವ ಬಾಗಿಲಲ್ಲಿ ನಿಂತು ಮಾತಾಡೋನು, ಇವನು ಒಳಗೆ ಹೋಗಿ ಮೆಷಿನ್ ಬಿಚ್ಚೋನು. ಮಾವ ಹೋದ ವರ್ಷ ತೀರಿಕೊಂಡ. ಈಗ ಇವನೊಬ್ಬನೇ ಅಂಗಡಿ ಅಂಗಡಿ, ಮನೆ ಮನೆ ತಿರುಗಬೇಕು. ಗಿರಾಕೀನೇ ಹಿಡಿತಿಲ್ಲ. ಒಂದೊಳ್ಳೆ ಕಾರ್ಡ್ ಮಾಡಿಕೊಡಿ. ಇದರಿಂದ್ಲೂ ಆಗಲಿಲ್ಲ ಅಂದ್ರೆ ಗಾರ್ಮೆಂಟ್ ಕಾರ್ಖಾನೇಲಿ ಹೇಳಿಟ್ಟಿದೀನಿ, ಅಲ್ಲಿಗೆ ಸೇರಿಸಿಬಿಡ್ತೀನಿ. ಆ ಗದ್ದಲದಲ್ಲಿ ಯಾರೂ ಯಾರನ್ನೂ ಮಾತಾಡಿಸಲ್ಲ, ನೆಮ್ಮದಿ.”

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ತಮ್ಮ ಕಾರ್ಖಾನೆ ಎಂದ ಕೂಡಲೇ ತಲೆ ಅಡ್ಡಡ್ಡ ಆಡಿಸಿದ.

“ಸ್ವಂತ ಕೆಲಸಾನೇ ಬೇಕಂತೆ” ಎಂದು ಅಕ್ಕನೇ ಅದಕ್ಕೂ ಅರ್ಥ ಹೇಳಿದಳು.

“ನಿನಗೆ ಎಂಥಾ ಕಾರ್ಡ್ ಬೇಕಪ್ಪಾ?” ಎಂದು ನಮ್ಮವರು ಅವನನ್ನೇ ಕೇಳಿದರು. ಅವನು ಉಗುಳು ನುಂಗಿದ, ತುಟಿ ತೆರೆದ. ಅಷ್ಟರಲ್ಲಿ ಅಕ್ಕ, “ನೋಡಿದೋರು ಮರೀಬಾರದು ಸಾರ್, ಅಷ್ಟೇ ಅವನಿಗೆ. ಫೋನ್ ನಂಬರ್ ನಂದು ಹಾಕಿ, ನಾನು ಮಾತಾಡ್ಕೋತೀನಿ” ಎಂದಳು.

“ಮಾತು ಕಡಿಮೇನಾ ಇವನದು?” ಎಂದೆ.

“ಹೂಂ, ಚಿಕ್ಕಂದಿನಿಂದ ಹಂಗೇ” ಎಂದು ಆ ಮಾತನ್ನು ಅಲ್ಲಿಗೇ ತುಂಡರಿಸಿದಳು.

ಅವರು ಮೆಟ್ಟಿಲಿಳಿಯುವ ಮೊದಲೇ ನಮ್ಮ ಕಲಾವಿದರು ಹುಡುಗನಿಗೆ ಮೌನಿ ಎಂದು ಹೆಸರಿಟ್ಟಾಗಿತ್ತು, ಕಾರ್ಡೂ ತಲೆಯಲ್ಲಿ ತಯಾರಾಗಿತ್ತು. ದಪ್ಪ ಕಾಗದ, ಮುಂದೆ ಒಂದಕ್ಷರವಿಲ್ಲ. ಎಡಗಡೆಯಿಂದ ಹೊರಟ ಕೆಂಪು ದಾರದ ಹೊಲಿಗೆ, ಅಚ್ಚು ಹಾಕಿದ್ದಲ್ಲ, ನಿಜವಾದ ಹೊಲಿಗೆ, ಅರ್ಧಕ್ಕೆ ನಿಂತಿದೆ. ದಾರದ ತುದಿ ಜೋತಾಡುತ್ತಿದೆ. ಹಿಂದೆ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ‘ನಿಂತಲ್ಲಿಂದ ಮುಂದಕ್ಕೆ’ ಎಂಬ ಒಂದು ಸಾಲು, ಅದರ ಕೆಳಗೆ ಅಕ್ಕನ ಫೋನ್ ನಂಬರು. ಹೆಸರಿಲ್ಲ, ಏನು ಕೆಲಸ ಎಂದೂ ಇಲ್ಲ.

“ಏನು ರಿಪೇರಿ ಅಂತ ಬರೀಬೇಡ್ವೇನ್ರೀ?” ಎಂದೆ.

“ಬರೆದುಬಿಟ್ರೆ ಕೇಳೋದಕ್ಕೆ ಏನು ಉಳೀತು? ಕಾರ್ಡ್ ಬರೀ ಬಾಗಿಲು ತಟ್ಟಬೇಕು ಕಣೆ. ಮಿಕ್ಕಿದ್ದನ್ನ ಅವನು ಮಾತಾಡ್ಕೋತಾನೆ.”

ಹೊಲಿಯುವ ಕೆಲಸ ಯಾರ ತಲೆಗೆ ಬಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಹಳೆಯ ಮೆಷಿನ್ನಿನಲ್ಲಿ ಹೊಲಿದರೆ ಕಾಗದ ಹೊಲಿಗೆಯ ಉದ್ದಕ್ಕೂ ಅಂಚೆ ಚೀಟಿಯ ಹಾಗೆ ಹರಿದು ಎರಡಾಗುತ್ತಿತ್ತು. ಮೌನಿಯನ್ನೇ ಕರೆಸಿದೆವು. ಬಂದ, ಹರಿದ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ, ಹೊಲಿಗೆ ಉದ್ದುದ್ದಕ್ಕೆ ಬೀಳುವ ಹಾಗೆ ಮೆಷಿನ್ನಿನ ತಿರುಗಣೆ ತಿರುಗಿಸಿದ, ದಾರದ ಬಿಗಿ ಸಡಿಲಿಸಿದ, ಸೂಜಿ ಬದಲಿಸಿದ. ಎಷ್ಟೋ ವರ್ಷದಿಂದ ಕೆಮ್ಮುತ್ತಿದ್ದ ಮೆಷಿನ್ನು ಬೆಣ್ಣೆಯ ಹಾಗೆ ಓಡಿತು. “ಶಭಾಷ್, ಯಾರಪ್ಪಾ ನಿನ್ನ ಗುರು?” ಎಂದೆ. ನಕ್ಕು, ಚೀಲದ ಮೇಲೆ ಬರೆದಿದ್ದ ಮಾವನ ಹೆಸರನ್ನು ಬೆರಳಿನಿಂದ ತೋರಿಸಿದ. ಸಂಕೋಚದ ಪ್ರಾಣಿ ಎಂದುಕೊಂಡೆ.

ಕಾರ್ಡುಗಳು ತಯಾರಾದವು. ನಿಜ ಹೇಳಬೇಕೆಂದರೆ ಬಹಳ ಚೆಂದವಾಗಿದ್ದವು. ಇವರು ಒಂದನ್ನು ಗಾಜಿನ ಶೋಕೇಸಿನಲ್ಲಿಟ್ಟು, ಬಂದವರಿಗೆಲ್ಲ ತೋರಿಸಿ, ‘ಇದೇನ್ರೀ ಇದು?’ ಎಂದು ಕೇಳಿಸಿಕೊಂಡು ಹಿಗ್ಗಿದ್ದೇ ಹಿಗ್ಗಿದ್ದು.

ಒಂದು ಮಧ್ಯಾಹ್ನ ಪರದೆಗಳ ಅಂಚು ಹೊಲಿಸಲೆಂದು ನಮ್ಮ ಬೀದಿಯ ಟೈಲರಮ್ಮನ ಅಂಗಡಿಗೆ ಹೋದೆ. ಮೂರು ಮೆಷಿನ್ನುಗಳಲ್ಲಿ ಒಂದು ನಿಂತುಹೋಗಿ, ಬಟ್ಟೆ ಗುಡ್ಡೆ ಬಿದ್ದು, ಆಕೆ ಎಲ್ಲರ ಮೇಲೂ ಹರಿಹಾಯುತ್ತಿದ್ದಳು. ಕೆಟ್ಟವಳಲ್ಲ, ಆದರೆ ಬಾಯಿಗೆ ಬಿಡುವು ಕೊಡುವವಳೂ ಅಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮೌನಿ ಕಾಣಿಸಿಕೊಂಡ. ಕೊಟ್ಟರೆ ಇಂಥ ಹೊತ್ತಿನಲ್ಲಿ ಕಾರ್ಡು ಕೊಡಬೇಕು ಎಂದು ನಾನು ಮನಸ್ಸಿನಲ್ಲೇ ಖುಷಿಪಟ್ಟೆ. ನಾನು ಬಟ್ಟೆಯ ರಾಶಿಯ ಹಿಂದೆ ಇದ್ದುದರಿಂದ ಅವನು ನನ್ನನ್ನು ನೋಡಲಿಲ್ಲ. ಕಾರ್ಡು ಮುಂದೆ ಹಿಡಿದ.

“ಇದೇನಪ್ಪಾ ಇದು?” ಎಂದಳು ಟೈಲರಮ್ಮ. ನಮ್ಮ ಯಜಮಾನರು ಬಯಸಿದ್ದು ಅಕ್ಷರಶಃ ಇದನ್ನೇ. “ದಾರ ಯಾಕೆ ಜೋತಾಡ್ತಿದೆ? ದಾರ ಮಾರ್ತೀಯಾ? ಹೊಲಿಗೆ ಕ್ಲಾಸಾ? ಹಿಂದ್ಗಡೆ ಏನಿದು, ಇರುವೆ ಹರಿದಂಗಿದೆ, ನಂಗೆ ಕಾಣಲ್ಲ. ಯಾರು ನೀನು? ಹೆಸರೇನು?”

ಅವನು ಬಾಯಿ ತೆರೆದ. ಹೆಸರಿನ ಮೊದಲನೆಯ ಸದ್ದು ಬಂತು, ಅಲ್ಲಿಗೆ ನಿಂತಿತು. ಮತ್ತೆ ಅದೇ ಸದ್ದು. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡಿತು, ಗದ್ದ ಅದುರಿತು. ಹೆಸರು ಮಾತ್ರ ಹೊರಗೆ ಬರಲಿಲ್ಲ. ಟೈಲರಮ್ಮ ಗಾಬರಿಯಾಗಿ, “ಕಿವಿ ಕೇಳುತ್ತಾ ನಿಂಗೆ? ಹೆಸರು, ಹೆಸರು!” ಎಂದು ದನಿ ಏರಿಸಿದಳು. ಕಾಜಾ ಹೊಲಿಯುತ್ತಿದ್ದ ಹುಡುಗಿ ಕಿಸಕ್ಕೆಂದಳು. ಅವನು ಆಕೆಯ ಕೈಯಿಂದ ಕಾರ್ಡನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಮೆಟ್ಟಿಲಿಳಿದು ಹೋದ. ಅವನ ಕೈಗಾಗಿ ಕಾದಿದ್ದ ಮೆಷಿನ್ನು ಅಲ್ಲೇ ಪಕ್ಕದಲ್ಲಿ ನಿಂತಿತ್ತು.

ಪರದೆಗಳನ್ನು ಅಲ್ಲೇ ಹಾಕಿ ಪ್ರೆಸ್ಸಿಗೆ ಬಂದವಳೇ ಶೋಕೇಸಿನಲ್ಲಿದ್ದ ಕಾರ್ಡು ತೆಗೆದು ಇವರ ಮುಂದಿಟ್ಟೆ.

“ಆ ಹುಡುಗನಿಗೆ ಉಗ್ಗು ಕಣ್ರೀ. ಕೇಳೋರ ಬಾಯಿ ಮುಚ್ಚಿಸೋಕೆ ಅವನಿಗೆ ಕಾರ್ಡ್ ಬೇಕಿತ್ತು. ನೀವು ಊರವರ ಬಾಯೆಲ್ಲಾ ತೆಗೆಸೋ ಕಾರ್ಡ್ ಮಾಡಿಕೊಟ್ಟಿದೀರಿ.”

ನಾಲ್ಕು ಮಾತು ಹೆಚ್ಚಿಗೇ ಆಡಲು ತಯಾರಾಗಿ ಬಂದಿದ್ದೆ. ಇವರು ಕಾಗದದ ಕಟ್ಟಿನ ಮೇಲೆ ಕೂತು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. “ಮಾತು ಕಷ್ಟ ಇರೋನ ಕೈಗೆ ಒಗಟು ಕೊಟ್ಟು ಕಳಿಸಿದ್ನಲ್ಲೇ” ಎಂದರು. ಆಮೇಲೆ ಕೇಳಿದರು, “ಆ ಯಮ್ಮ ಏನೇನು ಕೇಳಿದಳು? ಒಂದೂ ಬಿಡದೆ ಹೇಳು.” ಹೇಳಿದೆ. ಬರೆದುಕೊಂಡು ಕಂಪ್ಯೂಟರ್ ಮುಂದೆ ಕೂತರು.

ನಂಬರಿಗೆ ಫೋನ್ ಮಾಡಿದರೆ ಎತ್ತಿದ್ದು ಅಕ್ಕನೇ ತಾನೆ. ಮಾರನೆಯ ಸಂಜೆ ಇಬ್ಬರೂ ಬಂದರು. ಕಾರ್ಡಿನ ಡಬ್ಬಿ ಕೊಟ್ಟಂತೆಯೇ ತುಂಬಿತ್ತು.

“ನಿಮ್ಮ ಕಾರ್ಡಿನ ತಪ್ಪಲ್ಲ ಸಾರ್, ಹಣೆಬರಹ” ಎಂದಳು ಅಕ್ಕ. “ಸೋಮವಾರದಿಂದ ಕಾರ್ಖಾನೆಗೆ ಹೋಗ್ತಾನೆ.” ತಮ್ಮನ ಮುಖ ನೋಡಲಾಗುತ್ತಿರಲಿಲ್ಲ.

ನಮ್ಮವರು ಹೊಸ ಮಾದರಿಯನ್ನು ಕೌಂಟರಿನ ಮೇಲಿಟ್ಟರು. ಬಿಳಿ ಕಾಗದ, ಕಪ್ಪು ಅಕ್ಷರ, ಕನ್ನಡಕವಿಲ್ಲದವರಿಗೂ ಕಾಣುವಷ್ಟು ದೊಡ್ಡವು. ಮೇಲೆ ಅವನ ಹೆಸರು. ‘ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತೇನೆ. ಹಳೆಯದು, ಹೊಸದು, ಕಾಲಿನದು, ಕರೆಂಟಿನದು. ನಿಮ್ಮಲ್ಲಿಗೇ ಬಂದು ಮಾಡುತ್ತೇನೆ. ಕಲಿಸಿದವರು ನನ್ನ ಸೋದರಮಾವ’ ಎಂದು ಮಾವನ ಹೆಸರು. ಕೊನೆಗೆ, ‘ನನ್ನ ಮಾತು ತಡೆದು ಬರುತ್ತದೆ. ದಯವಿಟ್ಟು ಕಾಯಿರಿ.’ ಇವರ ಜನ್ಮದಲ್ಲೇ ಇಷ್ಟು ಸಪ್ಪೆ ಕಾರ್ಡು ಮಾಡಿರಲಿಲ್ಲ.

ಅಕ್ಕ ಓದಿದಳು. ಮುಖ ಕೆಂಪಾಯಿತು. “ಏನ್ ಸಾರ್ ಇದು? ಇವನ ಕೊರತೇನ ಅಚ್ಚು ಹಾಕಿಸಿ ಬೀದಿ ಬೀದಿ ಹಂಚಬೇಕಾ? ಸ್ಕೂಲಲ್ಲಿ ಇವನನ್ನ ಅಣಕಿಸ್ತಿದ್ದೋರ ಹಿಂದೆ ಕಲ್ಲು ಹಿಡ್ಕೊಂಡು ಓಡಿದೋಳು ನಾನು. ಇವನಿಗೆ ಉತ್ತರ ಹೇಳೋ ಕಷ್ಟ ಬರಬಾರದು ಅಂತ ಇಷ್ಟು ವರ್ಷ ಮುಂದೆ ನಿಂತಿದೀನಿ.” ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ತಾಯಿಯಂತೆ ಸಾಕಿದವಳು, ಅವಳ ಸಂಕಟ ಅವಳಿಗೆ.

“ನಾ... ನಾ... ನಾನು ಮ...” ಎಂದ ತಮ್ಮ.

“ನೋಡಿ, ಮನೆ ಮನೆ ತಿರುಗೋದು ಸಾಕು, ಕಾರ್ಖಾನೆಗೇ ಹೋಗ್ತೀನಿ ಅಂತಿದಾನೆ” ಎಂದಳು ಅಕ್ಕ.

ಅವನು ತಲೆ ಅಲ್ಲಾಡಿಸಿ, ಅಂಗೈ ಎತ್ತಿ ಅವಳನ್ನು ತಡೆದು, ಮೊದಲಿನಿಂದ ಶುರು ಮಾಡಿದ. ನಮ್ಮವರು ತಡೆಯಲಾರದೆ ಏನೋ ಹೇಳಿಕೊಡಲು ಹೊರಟರು, ಕೌಂಟರಿನ ಕೆಳಗೆ ಅವರ ಕಾಲು ತುಳಿದೆ. ಹೊರಗೆ ಲಾರಿಯೊಂದು ಹಿಂದಕ್ಕೆ ಬಂದು ನಿಂತು ಸಾಮಾನು ಇಳಿಸತೊಡಗಿತು. ಮೂವರೂ ಕಾದೆವು. ಕಾಯುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ, ನಾಲಿಗೆ ತುದಿಯಲ್ಲಿ ಹತ್ತು ಮಾತು ಕುಣಿಯುತ್ತವೆ.

“ನಾನು... ಮ... ಮನೆಮನೆಗೇ ಹೋಗ್ತೀನಿ” ಎಂದ.

ಆಮೇಲೆ ನನ್ನ ಪೆನ್ನು ತೆಗೆದುಕೊಂಡು ಮಾದರಿಯ ಮೇಲಿದ್ದ ಅಕ್ಕನ ನಂಬರು ಹೊಡೆದುಹಾಕಿ ತನ್ನದನ್ನು ಬರೆದ. “ಫೋನ್ ಬಂದ್ರೆ ಏನೋ ಮಾಡ್ತೀಯಾ?” ಎಂದಳು ಅಕ್ಕ, ಅಳುವ ದನಿಯಲ್ಲಿ. “ಎ... ಎತ್ತುತೀನಿ” ಎಂದು, ಕೊನೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ನನ್ನ ಮಾತನ್ನು ನೀವು ಮುಗಿಸಬೇಡಿ.’

ಅಕ್ಕ ಅದನ್ನು ಓದಿ, ಗಿರಾಕಿಗಳಿಗೆ ಇಷ್ಟು ಖಾರವಾಗಿ ಹೇಳಿದರೆ ಯಾರು ಕರೆಯುತ್ತಾರೆ ಎಂದು ಗೊಣಗಿದಳು. ಸೋಮವಾರ ಕಾರ್ಖಾನೆಗೆ ಹೋಗುವುದು ಮಾತ್ರ ಸದ್ಯಕ್ಕೆ ನಿಂತಿತು.

ಹೊಸ ಕಾರ್ಡು ಹಿಡಿದು ಅವನು ಮೊದಲು ಹತ್ತಿದ್ದು ಟೈಲರಮ್ಮನ ಮೆಟ್ಟಿಲನ್ನೇ. ಪರದೆಯ ನೆಪದಲ್ಲಿ ನಾನೂ ಅಲ್ಲಿದ್ದೆ, ಸುಳ್ಳೇಕೆ ಹೇಳಲಿ. ಆಕೆ ಕಾರ್ಡನ್ನು ಗಟ್ಟಿಯಾಗಿ ಓದಲು ಶುರು ಮಾಡಿದವಳು ಕೊನೆಯ ಎರಡು ಸಾಲಿಗೆ ಬರುವಾಗ ದನಿ ತಗ್ಗಿಸಿದಳು. ಆಮೇಲೆ ಬಾಯಿ ಮುಚ್ಚಿದಳು. ನಾನು ಕಂಡಂತೆ ಅದೇ ಮೊದಲು. ಅವನು ಸಾವಕಾಶವಾಗಿ ತನ್ನ ಹೆಸರು ಹೇಳಿದ. ಕಾರ್ಡಿನ ಮೇಲೆ ಇತ್ತಲ್ಲ, ಹೇಳಬೇಕಾದ ಅಗತ್ಯವೇ ಇರಲಿಲ್ಲ, ಆದರೂ ಹೇಳಿದ. “ಬಾಪ್ಪಾ, ಇದೇ ಆ ದರಿದ್ರದ್ದು” ಎಂದು ಆಕೆ ನಿಂತ ಮೆಷಿನ್ನಿನ ಹತ್ತಿರ ಕರೆದುಕೊಂಡು ಹೋದಳು.

ಎಷ್ಟೋ ದಿನಗಳಾದ ಮೇಲೆ ಅಕ್ಕ ಒಬ್ಬಳೇ ಪ್ರೆಸ್ಸಿಗೆ ಬಂದಳು. ಡ್ಯೂಟಿ ಮುಗಿಸಿ ಬಂದ ಸುಸ್ತು ಮುಖದಲ್ಲಿತ್ತು. ಟೀ ತರಿಸಿ, ತಮ್ಮನ ಕೆಲಸ ಹೇಗಿದೆ ಎಂದೆ.

“ಕೆಲಸಕ್ಕೇನಕ್ಕಾ, ಕೈತುಂಬ ಇದೆ. ಕಾರ್ಖಾನೆಯವರಿಗೆ ಬರಲ್ಲ ಅಂತ ಹೇಳಿಬಿಟ್ಟೆ. ಈಗ ಮನೇಲಿ ನನಗೇ ಬಂದಿದೆ ಕಷ್ಟ.”

“ಏನಾಯ್ತೇ?”

“ನಿನ್ನೆ ಶರ್ಟ್ ತೆಗೆಯೋಕೆ ಬಟ್ಟೆ ಅಂಗಡಿಗೆ ಹೋಗಿದ್ವಿ. ‘ಅಕ್ಕಾ, ನಂಗೆ ಹಸಿರು ಬಣ್ಣ’ ಅಂತ ಶುರು ಮಾಡಿದ. ‘ಇಷ್ಟ, ಗೊತ್ತು ಬಿಡೋ’ ಅಂದೆ, ಯಾವಾಗ್ಲೂ ಅನ್ನೋ ಹಾಗೆ. ಜೇಬಿಂದ ಆ ಕಾರ್ಡ್ ತೆಗೆದು ನನ್ನ ಮುಂದೆ ಹಿಡಿದ.” ಆಕೆ ಟೀ ಲೋಟ ಕೆಳಗಿಟ್ಟಳು. “ನನಗೆ ಅಕ್ಕಾ. ಒಡಹುಟ್ಟಿದೋಳಿಗೆ.”

“ಆಮೇಲೆ?”

“ಇನ್ನೇನು ಮಾಡ್ಲಿ, ಕಾದೆ. ಅಂಗಡಿಯವನೂ ಕಾದ. ‘ನಂಗೆ ಹಸಿರು ಬಣ್ಣ ಕಂಡ್ರಾಗಲ್ಲ’ ಅಂದ.”

ನನಗೆ ನಗು ಬಂತು, ಆಕೆಯ ಮುಖ ನೋಡಿ ತಡೆದುಕೊಂಡೆ.

“ಚಿಕ್ಕಂದಿನಿಂದ ಅವನಿಗೆ ಹಸಿರೇ ತಂದು ಹಾಕಿದೀನಿ. ಪ್ರತಿ ಸಲಾನೂ ಅಲ್ಲಿವರೆಗೆ ಹೇಳೋನು, ಪ್ರತಿ ಸಲಾನೂ ನಾನೇ ಮುಗಿಸ್ತಿದ್ದೆ.” ಅಂಗೈಯಿಂದ ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿ ಎದ್ದಳು. “ಅವನಿಗೆ ಇನ್ನೂ ಏನೇನು ಕಂಡ್ರಾಗಲ್ವೋ ಏನೋ. ಹೋಗಿ ಒಂದೊಂದೇ ಕೇಳ್ಕೋಬೇಕು.”