ಲೋಲಾಕ್ಷಿಯ ಡಯಲ್-ಅಪ್

ಮುಂಬಯಿ ಹತ್ತಿರದ ಡೊಂಬಿವಲಿಯ ಆ ಬಿಲ್ಡಿಂಗಿಗೆ ಕೇಬಲ್ ಇಂಟರ್ನೆಟ್ ಬಂದು ಎರಡು ವರ್ಷವಾದರೂ ಕೆಲವು ಮನೆಯವರು ಡಯಲ್-ಅಪ್ ಬಿಟ್ಟಿರಲಿಲ್ಲ. ಫೋನಿನ ಲೈನು ಹೇಗೂ ಇತ್ತು. ಕೇಬಲ್ಲೋ ಮಳೆಗಾಲದಲ್ಲಿ ವಾರಗಟ್ಟಲೆ ಕೈಕೊಡುತ್ತಿತ್ತು. ಕೇಳಿದವರಿಗೆ ಲೋಲಾಕ್ಷಿಯೂ ಅದನ್ನೇ ಹೇಳುತ್ತಿದ್ದರು. ನಿಜವಾದ ಕಾರಣ ಬೇರೆಯೇ ಇತ್ತು. ಆ ಸಂಪರ್ಕದ ಜೊತೆಗೆ ಸಿಕ್ಕಿದ್ದ ಇಮೇಲ್ ವಿಳಾಸವೊಂದೇ ಮಗಳು ಅನುಷ್ಕಾಳಿಗೆ ಉಳಿದಿದ್ದ ದಾರಿ.

ಕಲಬುರಗಿಯಿಂದ ಬಂದು ಕಟ್ಟಡದ ಕೆಲಸ ಮಾಡುತ್ತಿದ್ದ ಸಂಗಮೇಶನನ್ನು ಅವಳು ಮದುವೆಯಾದಾಗ ತಂದೆ ಹರಿಶ್ಚಂದ್ರ, "ಇನ್ನು ಈ ಮನೆಗೆ ಫೋನೂ ಮಾಡ್ಬೇಡ" ಎಂದಿದ್ದರು. ಹೋಟೆಲು ನಡೆಸುವ ಅವರು ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. "ಮೇಲ್ ಮಾಡ್ತೇನೆ, ನೀನು ನೋಡ್ತಾ ಇರು ಅಮ್ಮಾ" ಎಂದು ತಾಯಿಯ ಕಿವಿಯಲ್ಲಿ ಹೇಳಿ ಅನುಷ್ಕಾ ಹೊರಟುಹೋಗಿದ್ದಳು. ಅಂದಿನಿಂದ ಪ್ರತಿ ಮಧ್ಯಾಹ್ನ ಲೋಲಾಕ್ಷಿ ಮೋಡೆಮ್ ಹಚ್ಚಿ, ಅದರ ಕಿರುಚಾಟ ಮುಗಿಯುವವರೆಗೂ ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದರು. ಒಂದು ಸಾಲೂ ಬಂದಿರಲಿಲ್ಲ.

ತಂಗಿಗೆ ಹುಷಾರಿಲ್ಲವೆಂದು ಉಡುಪಿಗೆ ಹೋದವರು ತಿಂಗಳ ನಂತರ ಮರಳಿದಾಗ ಮನೆಯಲ್ಲಿ ಹೊಸ ಬ್ರಾಡ್‌ಬ್ಯಾಂಡ್ ಬಂದಿತ್ತು.

"ಇನ್ನು ಫೋನ್ ಎಂಗೇಜ್ ಬರುವ ರಗಳೆ ಇಲ್ಲ ಮಾರಾಯ್ತಿ" ಎಂದು ಹರಿಶ್ಚಂದ್ರ ಹೆಮ್ಮೆಯಿಂದ ಹೇಳಿದರು. "ಹಳೇದು ಬಂದ್ ಮಾಡಿಸಿದೆ."

ಲೋಲಾಕ್ಷಿ ಟೆಲಿಫೋನ್ ಕಚೇರಿಗೆ ಓಡಿದರು. ಖಾತೆ ರದ್ದಾದ ದಿನವೇ ಮೇಲ್‌ಬಾಕ್ಸೂ ಅಳಿದುಹೋಗಿದೆ ಎಂದರು ಅಲ್ಲಿಯವರು. ಗಂಡನಿಗೆ ಏನೆಂದು ಹೇಳುವುದು? ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತರು.

ಮೂರು ವರ್ಷದ ಮೇಲೆ ಪಕ್ಕದ ಮನೆಯ ವಿನೋದಾ ನವಿಮುಂಬಯಿಯ ಐರೋಲಿಯಲ್ಲಿ ಅನುಷ್ಕಾಳನ್ನು ಕಂಡು ವಿಳಾಸ ತಂದುಕೊಟ್ಟಳು. ಅಂದೇ ಲೋಲಾಕ್ಷಿ ಹೋಗಿ ಬಾಗಿಲು ತಟ್ಟಿದರು. ಮಗಳು ಸೊರಗಿದ್ದಳು. ಮಾತಿನ ಧಾಟಿ ಪೂರಾ ಗಂಡನ ಮನೆಯದಾಗಿತ್ತು.

"ಎರಡು ಸಲ ಬರ್ದಿದ್ದೆ. ಎರಡೂ ವಾಪಸ್ ಬಂದ್ವು. ನೀವೂ ನನ್ನ ಬ್ಯಾಡಂದ್ರಿ ಅಂತ ತಿಳ್ಕೊಂಡೆ."

ಹುಟ್ಟಿದಂದಿನಿಂದ 'ನೀನು' ಎನ್ನುತ್ತಿದ್ದ ಮಗಳು 'ನೀವು' ಅಂದಿದ್ದಳು.

"ಏನು ಬರೆದಿದ್ದಿ ಮಗಾ?"

"ಮೊದಲ್ನೇದು, ಬಸುರಿ ಇದ್ದೀನಿ ಅಂತ. ಎರಡನೇದು ಕೂಸು ಹೋದ ದಿನ."

ಲೋಲಾಕ್ಷಿ ನಡೆದದ್ದನ್ನೆಲ್ಲ ತೊದಲುತ್ತ ಹೇಳಿದರು. ಅನುಷ್ಕಾ ಕೇಳಿಸಿಕೊಂಡಳು, ನಂಬಿದಳು ಕೂಡ. ಆದರೆ ಹತ್ತಿರ ಬರಲಿಲ್ಲ.

ಮನೆಗೆ ಬಂದು ಲೋಲಾಕ್ಷಿ ಗಂಡನೆದುರು ಒಂದನ್ನೂ ಮುಚ್ಚಿಡದೆ ಹೇಳಿದರು. ಹರಿಶ್ಚಂದ್ರ "ಗಂಡೋ ಹೆಣ್ಣೋ?" ಎಂದಷ್ಟೇ ಕೇಳಿದರು. ಲೋಲಾಕ್ಷಿಗೆ ಅದೂ ಗೊತ್ತಿರಲಿಲ್ಲ.

ಈಗ ಮಂಗಳವಾರ ಮಂಗಳವಾರ ಲೋಲಾಕ್ಷಿ ಐರೋಲಿಗೆ ಹೋಗುತ್ತಾರೆ. ಮಗಳು ಬಾಗಿಲು ತೆರೆಯುತ್ತಾಳೆ, ಚಹಾ ಕೊಡುತ್ತಾಳೆ. 'ಅಮ್ಮಾ' ಎಂದು ಇನ್ನೂ ಕರೆದಿಲ್ಲ.