ಹೆಪ್ಪು ಕೊಡುವ ಬೀದಿ

ದೀಪ ಹಚ್ಚಿದ ಮೇಲೆ ಚಂದ್ರಕ್ಕನ ಮನೆಯಿಂದ ಉಪ್ಪಾಗಲಿ ಹೆಪ್ಪಾಗಲಿ ಹೊರಗೆ ಹೋದದ್ದಿಲ್ಲ. ಹೊಸದುರ್ಗದ ಆ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಸ್ವಂತ ನಾದಿನಿ ಮುಸ್ಸಂಜೆಯಲ್ಲಿ ಬಟ್ಟಲು ಹಿಡಿದು ಬಂದಾಗಲೂ, ಬೆಳಿಗ್ಗೆ ಬಾರಮ್ಮ ಎಂದು ಹೊಸ್ತಿಲಿಂದಲೇ ಕಳಿಸಿದ್ದಳು. ಹೊತ್ತಿಳಿದ ಮೇಲೆ ಕೊಟ್ಟರೆ ಮನೆಯ ಲಕ್ಷ್ಮಿ ಅದರ ಜೊತೆಗೇ ಎದ್ದು ಹೋಗುತ್ತಾಳೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದರು. ಬೆಳಗಿನ ಹೊತ್ತು ಕೇಳಿ ಬಂದವರಿಗೆ ಮಾತ್ರ ಇಲ್ಲ ಎಂದವಳಲ್ಲ. ಮೊಸರು ತಳ ಕಂಡಿದ್ದರೂ ಕೆರೆದು ಒಂದು ಚಮಚೆ ಕೊಡುತ್ತಿದ್ದಳು.

ಇಂಥ ಚಂದ್ರಕ್ಕನಿಗೆ ತೊಂಬತ್ತೊಂಬತ್ತನೇ ಇಸವಿಯ ಜೂನ್ ತಿಂಗಳಲ್ಲಿ ದೊಡ್ಡ ಪೇಚಾಟ ಬಂತು. ಮಗಳು ಶೋಭಾರಾಣಿ ಚಿತ್ರದುರ್ಗದಲ್ಲಿ ನರ್ಸಿಂಗ್ ಮುಗಿಸಿದ್ದಳು. ಬೆಂಗಳೂರಿನ ಒಂದು ಆಸ್ಪತ್ರೆಯಿಂದ ಆರ್ಡರ್ ಬಂದಿತ್ತು, ಸೋಮವಾರ ಬೆಳಿಗ್ಗೆ ಹಾಜರಾಗಬೇಕು. ಹಾಸ್ಟೆಲ್ ಇಲ್ಲ, ರೂಮು ನೀವೇ ನೋಡಿಕೊಳ್ಳಿ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದರು. ಆ ಸಾಲು ಚಂದ್ರಕ್ಕನ ನಿದ್ದೆ ಕೆಡಿಸಿತು. ತಾಲ್ಲೂಕು ಆಫೀಸಿನಲ್ಲಿ ಜವಾನನಾಗಿದ್ದ ಗಂಡ ಜಂಪಣ್ಣ, ನೀನು ಹೂಂ ಅಂದರೆ ಹೋಗಲಿ, ಉಹೂಂ ಅಂದರೆ ಇಲ್ಲೇ ಇರಲಿ ಎಂದು ಕೈ ತೊಳೆದುಕೊಂಡ. ಗಂಡಸರು ಬಲು ಜಾಣರು, ತೀರ್ಮಾನ ಕಷ್ಟದ್ದಾದಾಗ ಮಾತ್ರ ಹೆಂಡತಿಗೆ ಎಲ್ಲಿಲ್ಲದ ಮರ್ಯಾದೆ ಕೊಡುತ್ತಾರೆ.

ಸರಿ, ಬೆಂಗಳೂರಲ್ಲಿ ಇದ್ದು ಬಂದವರ ಮನೆಗಳನ್ನೆಲ್ಲ ಚಂದ್ರಕ್ಕ ಸುತ್ತಿದಳು. ಕೊಬ್ಬರಿ ವ್ಯಾಪಾರದ ಪರಮೇಶ್ವರಪ್ಪನವರು ರಾಜಾಜಿನಗರದಲ್ಲಿ ಆರು ವರ್ಷ ಇದ್ದವರು. ಅಗಲವಾದ ರಸ್ತೆ, ತೊಟ್ಟಿ ತುಂಬ ನೀರು, ಒಬ್ಬರ ಗೊಡವೆಗೆ ಒಬ್ಬರಿಲ್ಲ, ಸ್ವರ್ಗ ಅಂದರೆ ಅದೇ ಎಂದರು. ಪಕ್ಕದ ಮನೆಯವರ ಹೆಸರೇನು ಎಂದು ಕೇಳಿದ್ದಕ್ಕೆ ತಲೆ ಕೆರೆದುಕೊಂಡು, ಗೊತ್ತಿದ್ದರೆ ತಾನೇ ನೆನಪಾಗೋದು ಎಂದು ನಕ್ಕರು. ಜಯನಗರದ ಮಗಳ ಮನೆಯಲ್ಲಿ ಒಂದು ವರ್ಷ ಕಳೆದ ಅಂಜನಪ್ಪ ಮೇಷ್ಟ್ರು ಅಲ್ಲಿಯ ಮರಗಳನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಬೆಳಿಗ್ಗೆ ವಾಕಿಂಗ್‌ನಲ್ಲಿ ಎದುರಾದವರು ನಾಯಿ ಹೇಗಿದೆ ಎಂದು ಕೇಳುತ್ತಾರಂತೆ, ನಾಯಿ ಹಿಡಿದವನು ಹೇಗಿದ್ದಾನೆ ಎಂದು ಕೇಳುವುದಿಲ್ಲವಂತೆ. ಪೀಣ್ಯದ ಕಾರ್ಖಾನೆಯಲ್ಲಿದ್ದ ಮಾರುತೇಶ್ ಬರೀ ಧೂಳು ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಆಮೇಲೆ ಆ ಧೂಳಿನಲ್ಲೇ ಸೈಟು ನೋಡಿ ಬಂದಿರುವುದನ್ನೂ ಮೆಲ್ಲಗೆ ಹೇಳಿದ.

ಶ್ರೀರಾಮಪುರದ ವಠಾರದಲ್ಲಿ ಹನ್ನೊಂದು ವರ್ಷ ಬಾಳಿದ ಗಂಗಕ್ಕ ಮಾತ್ರ ಎಲೆಯಡಿಕೆ ಹಾಕಿಕೊಂಡು ಸಾವಕಾಶವಾಗಿ ಕುಳಿತಳು. ಎಂಟು ಮನೆಗೆ ಒಂದೇ ನಲ್ಲಿ, ಬೆಳಗಾದರೆ ಕೊಡಕ್ಕೆ ಕೊಡ ತಾಗಿ ಜಗಳ, ಗೋಡೆಯ ಆಚೆ ಸೀನಿದರೆ ಈಚೆ ಕೇಳುತ್ತದೆ ಎಂದಳು. ಅಲ್ಲಿ ಬಾಣಂತಿಯಾಗಿದ್ದಾಗ ಇಪ್ಪತ್ತು ದಿನ ತನಗೆ ಒಲೆ ಹಚ್ಚಲು ಆ ಏಳು ಮನೆಯವರು ಬಿಡಲಿಲ್ಲ, ಸರದಿಯ ಮೇಲೆ ತಾವೇ ಅಡಿಗೆ ಮಾಡಿ ತಂದುಕೊಟ್ಟರು ಎಂದೂ ಹೇಳಿದಳು.

ಕೇಳಿ ಕೇಳಿ ಚಂದ್ರಕ್ಕನ ತಲೆ ಗಿರ್ರೆಂದಿತು. ಅವಳಿಗೆ ರಸ್ತೆ, ಮರ, ನಲ್ಲಿ ಯಾವುದೂ ಬೇಕಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿಗೆ ಜ್ವರ ಬಂದರೆ ಬಾಗಿಲು ತಟ್ಟಿ ಕೇಳುವವರು ಯಾರು, ಅಷ್ಟು ಗೊತ್ತಾಗಬೇಕಿತ್ತು. ಅದಕ್ಕೆ ತನ್ನದೇ ಒಂದು ಪರೀಕ್ಷೆ ಹೂಡಿದಳು.

"ರೂಮಿನ ಪಕ್ಕದ ಮನೇಲಿ ಹೆಪ್ಪು ಕೇಳ್ತೀನಿ," ಎಂದಳು ಮಗಳಿಗೆ. "ಕೊಟ್ರೆ ನಿನ್ನ ಬಿಟ್ಟು ಬರ್ತೀನಿ. ಎಲ್ಲೂ ಸಿಗ್ಲಿಲ್ಲ ಅಂದ್ರೆ ಇಬ್ರೂ ವಾಪಸ್ಸು. ಇಲ್ಲೇ ಯಾವ್ದಾರ ಕ್ಲಿನಿಕ್ಕಲ್ಲಿ ಇಂಜೆಕ್ಷನ್ ಚುಚ್ಕಂಡು ಇರು."

ಅವ್ವನ ಹಟ ಗೊತ್ತಿದ್ದ ಶೋಭಾರಾಣಿ ವಾದಕ್ಕೆ ನಿಲ್ಲಲಿಲ್ಲ. ಬಿಳಿ ಸಮವಸ್ತ್ರವನ್ನು ಮಡಚಿ ಚೀಲದಲ್ಲಿಟ್ಟು, ಅದರ ಮೇಲೆ ತಾನೇ ಒಂದು ಸ್ಟೀಲಿನ ಬಟ್ಟಲು ಇಟ್ಟಳು.

ಶನಿವಾರ ಹೊರಟ ಬಸ್ಸು ಹಿರಿಯೂರಿನ ಹತ್ತಿರ ಟೈರು ಪಂಕ್ಚರಾಗಿ ನಿಂತಿತು. ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ. ಜಯನಗರದಲ್ಲಿ ಅಂಜನಪ್ಪ ಮೇಷ್ಟ್ರ ಮಗಳು ಒಂದು ರೂಮು ತೋರಿಸಿದಳು. ಹೆಪ್ಪು ಕೇಳಿದ್ದಕ್ಕೆ ಪಕ್ಕದ ಮನೆಯ ಹೆಂಗಸು ಗ್ರಿಲ್ಲಿನ ಹಿಂದೆ ನಿಂತು, ಮೂಲೆಯ ಅಂಗಡಿಯಲ್ಲಿ ಮೊಸರಿನ ಪ್ಯಾಕೆಟ್ ಸಿಗುತ್ತೆ ಎಂದು ದಾರಿಯನ್ನೂ ಹೇಳಿದಳು. ಒಳ್ಳೆಯವಳೇ, ಆದರೆ ಗ್ರಿಲ್ಲು ತೆಗೆಯಲಿಲ್ಲ. ರಾಜಾಜಿನಗರದಲ್ಲಿ ನೋಡಿದ ರೂಮಿನ ಪಕ್ಕದ ಮನೆಯಲ್ಲಿ ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿಕೊಂಡಿತು, ಬಾಗಿಲು ಅಲ್ಲಾಡಲೇ ಇಲ್ಲ. ಗಂಗಕ್ಕ ಹೇಳಿದ್ದ ಶ್ರೀರಾಮಪುರದ ವಠಾರ ಹುಡುಕಿ ಹೋಗುವಷ್ಟರಲ್ಲಿ ಬೀದಿದೀಪಗಳು ಹತ್ತಿದ್ದವು.

ವಠಾರದ ಮಾಲೀಕ ಎರ್ರಿಸ್ವಾಮಿ ಗಂಗಕ್ಕನ ಹೆಸರು ಕೇಳಿದ್ದೇ ತಡ, ಖಾಲಿ ರೂಮಿನ ಬೀಗ ತೆಗೆದ. ಇವತ್ತು ಉಳಿದುಕೊಳ್ಳಿ, ಬೇಕೋ ಬೇಡವೋ ನಾಳೆ ಹೇಳಿ ಎಂದ. ಚಂದ್ರಕ್ಕ ಕುಳಿತುಕೊಳ್ಳಲೂ ಇಲ್ಲ, ಬಟ್ಟಲು ಹಿಡಿದು ಪಕ್ಕದ ಬಾಗಿಲು ತಟ್ಟಿದಳು. ತೆರೆದವಳು ತಮಿಳಿನವಳು, ಹತ್ತಿರಹತ್ತಿರ ಚಂದ್ರಕ್ಕನದೇ ವಯಸ್ಸು. ಒಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು. ಚಂದ್ರಕ್ಕನಿಗೆ ಅದು ಕಂಡರೂ ಕಾಣಲಿಲ್ಲ. ಸುತ್ತಿ ಸುತ್ತಿ ಕಾಲು ಸೋತಿದ್ದವು, ಎರಡು ಬಾಗಿಲ ಸಿಟ್ಟು ತಲೆಯಲ್ಲಿತ್ತು. ಹೆಂಗಸು ಬಟ್ಟಲು ನೋಡಿದಳು, ದೀಪ ನೋಡಿದಳು, "ಈಗ ಇಲ್ಲ" ಎಂದು ತಲೆಯಾಡಿಸಿದಳು. ಇನ್ನೂ ಏನೋ ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು. ಚಂದ್ರಕ್ಕ ಕೇಳಿಸಿಕೊಂಡರೆ ತಾನೇ. ಬಟ್ಟಲನ್ನು ಅಲ್ಲೇ ಕಟ್ಟೆಯ ಮೇಲೆ ಮರೆತು ದಡದಡ ಬಂದುಬಿಟ್ಟಳು.

"ಮುಗೀತು. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗಾಣ."

ಶೋಭಾರಾಣಿ ಗೋಡೆಗೆ ಮುಖ ಮಾಡಿ ಕುಳಿತಳು. ಸ್ವಲ್ಪ ಹೊತ್ತಿಗೆ ಅಳು ಒತ್ತರಿಸಿ ಬಂತು. "ನನ್ನ ಮೂರು ವರ್ಷದ ಓದು ಒಂದು ಚಮಚೆ ಮೊಸರಿಗೆ ಸಮ ಆತೇನವ್ವಾ?"

ಚಂದ್ರಕ್ಕ ಹತ್ತಿರ ಹೋಗಿ ಮಗಳ ಬೆನ್ನು ಸವರಿದಳು. ಆದರೆ ಆಡಿದ ಮಾತು ಬಿಡಲು ಮನಸ್ಸು ಒಪ್ಪಲಿಲ್ಲ, ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಇಬ್ಬರೂ ಊಟವಿಲ್ಲದೆ ಮಲಗಿದರು.

ಬೆಳಿಗ್ಗೆ ಚೀಲದ ಬಾಯಿ ಕಟ್ಟುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅದೇ ಹೆಂಗಸು, ಆಗಲೇ ಸ್ನಾನ ಮುಗಿಸಿ ತಲೆಗೆ ಟವೆಲು ಸುತ್ತಿದ್ದಳು. ಕೈಯಲ್ಲಿ ಚಂದ್ರಕ್ಕನ ಬಟ್ಟಲು, ಅದರಲ್ಲಿ ಗಟ್ಟಿ ಹೆಪ್ಪು.

"ನಿನ್ನೆ ದೀಪ ಹಚ್ಚಿ ಆಗಿತ್ತು ಅಕ್ಕ," ಎಂದು ಮಾತು ಹುಡುಕಿ ಹುಡುಕಿ ಹೇಳಿದಳು. "ಆಮೇಲೆ ಕೊಡಬಾರದು. ನಿಮ್ಮ ಊರಲ್ಲಿ ಕೊಡ್ತೀರಾ?"

ಚಂದ್ರಕ್ಕನ ಕಿವಿ ಬಿಸಿಯಾಯಿತು. ಹೊಸ್ತಿಲಲ್ಲಿ ನಿಂತಿದ್ದ ನಾದಿನಿ ಕಣ್ಣ ಮುಂದೆ ಬಂದಳು. ಇಡೀ ಬೆಂಗಳೂರನ್ನು ಪರೀಕ್ಷೆ ಮಾಡಲು ಹೊರಟವಳು ತನ್ನ ಮನೆಯ ಪಾಠವನ್ನೇ ಮರೆತು ಕುಳಿತಿದ್ದಳು.

"ಇಲ್ಲವ್ವ, ನಾನೂ ಕೊಡಲ್ಲ," ಎಂದಳು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹೆಂಗಸು ಹೋಗಲಿಲ್ಲ. ಚಂದ್ರಕ್ಕನ ಹೆಗಲ ಮೇಲಿಂದ ಒಳಗೆ ಬಗ್ಗಿ ನೋಡಿದಳು. "ರಾತ್ರಿ ಹುಡುಗಿ ಅಳ್ತಾ ಇತ್ತು, ಗೋಡೆಯಲ್ಲಿ ಕೇಳಿಸ್ತು. ಏನಾಯ್ತು? ಹುಷಾರಿಲ್ವಾ?"

 ಚಂದ್ರಕ್ಕ ಹೊಸದುರ್ಗದ ಮನೆಮನೆ ಸುತ್ತಿ ಕೇಳಿದ್ದ ಪ್ರಶ್ನೆಗೆ ಉತ್ತರ ತಾನಾಗಿ ಬಂದು ಬಾಗಿಲಲ್ಲಿ ನಿಂತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ಚೆನ್ನಾಗವ್ಳೆ, ಅಳಿಸಿದ್ದು ನಾನೇ ಎಂದಳು. ಇಲ್ಲಿ ಒಲೆ ಇಲ್ಲ, ನಿಮ್ಮ ಒಲೆಯ ಮೇಲೆ ಒಂದಿಷ್ಟು ಹಾಲು ಕಾಯಿಸಿಕೊಳ್ಳಲೇ ಎಂದೂ ಕೇಳಿದಳು. ಆಮೇಲೆ ಒಳಗೆ ತಿರುಗಿದಳು.

"ಲೇ ಶೋಭಾ, ಏನ್ ನೋಡ್ತಾ ಕುಂತೀಯ, ಹೋಗಿ ಅರ್ಧ ಲೀಟ್ರು ಹಾಲು ತಗಂಬಾ. ಇವತ್ತು ಹೆಪ್ಪು ಹಾಕಿದ್ರೆ ನಾಳೆ ಡ್ಯೂಟಿಗೆ ಹೋಗಾವಾಗ ಮೊಸರನ್ನ ಉಂಡು ಹೋಗ್ಬೋದು."

ಶೋಭಾರಾಣಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಅಂಗಡಿಗೆ ಓಡಿದಳು.