ಕ್ಯಾಮೆರಾಕ್ಕೆ ಕಾಣದ ಜಾಗ

“‘ಪುಸ್ತಕ ಓದೋಕಲ್ಲ, ಕದಿಯೋಕೆ ಬಂದಿದೆ ಈ ಜಿಪ್ಸಿ ಮರಿ.’ ನಾನಂದಿದ್ದಲ್ಲ ಜೋಲಾನಾ, ಜನ ಬರೆದಿರೋದು,” ಎಂದು ಗ್ರಂಥಾಲಯದ ಮುಖ್ಯಸ್ಥೆ ಐಲ್ಸಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ಮಂಡಿಯೂರಿ ಕಕ್ಕಸು ಉಜ್ಜುತ್ತಿದ್ದೆ. ಏಳಲು ಜಾಗ ಬಿಡಲಿಲ್ಲ.

ಅವರು ಬರೆದದ್ದು ನನ್ನ ಮಗಳು ದಾರಿನಾಳ ಫೋಟೋದ ಕೆಳಗೆ. ಹೋದ ಶನಿವಾರ ಮಕ್ಕಳಿಗೆ ಕಥೆ ಓದುವಾಗ ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕೂತಿದ್ದಳು. ‘ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ’ ಅಂತ ಬರೆದು ಗ್ರಂಥಾಲಯದ ಫೇಸ್‌ಬುಕ್ ಪುಟಕ್ಕೆ ಹಾಕಿದ್ದು ಇದೇ ಐಲ್ಸಾ. ಮೊದಲು ಬರೀ ಹೃದಯದ ಗುರುತುಗಳೇ ಬಂದವಂತೆ. ಆಮೇಲೆ ಯಾವನೋ ನಮ್ಮ ಜಾತಿ ಕಂಡುಹಿಡಿದ. ಗ್ಲಾಸ್ಗೋಗೆ ಬಂದಾಗಿನಿಂದ ನಾನು ಸ್ಲೊವಾಕಿಯಾದವಳು ಅಂತಷ್ಟೇ ಹೇಳಿಕೊಂಡಿದ್ದೆ. ಜನ ಜಿಪ್ಸಿ ಅಂತ ಹೀಯಾಳಿಸುವ ನಮ್ಮ ಕುಲದ ಹೆಸರು, ರೋಮಾ ಅನ್ನುವ ಮಾತು, ಬಾಯಿಂದ ಜಾರಿರಲಿಲ್ಲ. ಅಲ್ಲಿ ನಮ್ಮೂರಲ್ಲಿ ಚಿಕ್ಕಪ್ಪನ ಮನೆಗೆ ಬೆಂಕಿ ಹಚ್ಚುವ ಮುಂಚೆಯೂ ಗೋಡೆಯ ಮೇಲೆ ಹೀಗೇ ಬರೆದಿದ್ದರು.

“ಕೊನೇದು ಕೇಳು. ‘ಆ ಬೀದಿ ಗೊತ್ತು ನಮಗೆ. ಶನಿವಾರ ಬಂದು ನೋಡ್ಕೋತೀವಿ.’”

ಉಜ್ಜುವ ಬ್ರಷ್ಷು ಕೆಳಗಿಟ್ಟೆ.

“ಪೊಲೀಸ್ರಿಗ್ ಯೋಳಿ ಮೇಡಂ. ಈ ಬೋಳಿಮಕ್ಳು ಬರ್ದಿರೋದ್ನಾದ್ರೂ ಅಳ್ಸಿ.”

“ಬಾಯಿ ಹೊಲಸು ಮಾಡ್ಕೋಬೇಡ. ಅಳಿಸಿದ್ರೆ ಇನ್ನೂ ಕೆರಳ್ತಾರೆ. ಪೊಲೀಸ್ ಬಂದ್ರೆ ಗ್ರಂಥಾಲಯದ ಹೆಸರು ಏನಾಗಬೇಕು? ಬರಹ ಹಾಗೇ ಬಿಟ್ಟು ಫೋಟೋ ಮಾತ್ರ ತೆಗೆದುಬಿಟ್ಟಿದ್ದೀನಿ. ಮಿಕ್ಕಿದ್ದು ಬೋರ್ಡಿಗೆ ಹಾಕ್ತೀನಿ.”

ಬೋರ್ಡು ಅಂದರೆ ಇಲ್ಲಿ ಕೆಲಸ ಮಾಡುವ ಎಲ್ಲರ ಫೋನಿನಲ್ಲೂ ಇರುವ ಕೆಲಸದ ಹಲಗೆ. ಯಾರು ಏನು ಮಾಡಬೇಕೋ ಐಲ್ಸಾ ಅಲ್ಲಿ ಹಾಕುತ್ತಾಳೆ, ಮುಗಿಸಿದವರು ‘ಆಯಿತು’ ಒತ್ತಬೇಕು. ಸಂಜೆ ನನ್ನ ಹೆಸರಿನ ಕೆಳಗೆ ಬಂತು: ‘ಕೆಳಗಿನ ಕಕ್ಕಸು.’ ‘ಜಮಖಾನದ ಮೇಲಿನ ವಾಂತಿ.’ ‘ಶನಿವಾರ ದಾರಿನಾ ಕ್ಯಾಮೆರಾಕ್ಕೆ ಕಾಣಬಾರದು.’ ಕೊನೆಯದಕ್ಕೆ ಎಲ್ಲರೂ ಎತ್ತಿದ ಹೆಬ್ಬೆಟ್ಟಿನ ಗುರುತು ಒತ್ತಿ ಒಪ್ಪಿದ್ದರು. ನನ್ನನ್ನು ಅಕ್ಕಾ ಅನ್ನುವ, ಕಥೆ ಓದುವ ಕ್ಯಾಲಮ್ ಕೂಡ.

“ನಿಂದೂ ಎಬ್ಬೆಟ್ಟೇನ್ಲಾ?” ಅಂತ ಅವನನ್ನೇ ಕೇಳಿದೆ.

“ಏನ್ಮಾಡ್ಲಿ ಅಕ್ಕಾ, ಒತ್ತದೇ ಇರೋರು ಯಾರು ಅಂತಾನೂ ಅದ್ರಲ್ಲಿ ಕಾಣುತ್ತೆ. ನನ್ ಕೆಲಸ ಇನ್ನೂ ಕಾಯಂ ಆಗಿಲ್ಲ.”

ಅವನ ಮೇಲೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ, ಮಗಳನ್ನು ಬಚ್ಚಿಟ್ಟರೆ ಸಾಕಪ್ಪಾ ಅಂತ ನನಗೂ ಅನ್ನಿಸಿತ್ತು.

ಶನಿವಾರ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವಳನ್ನು ಕರೆತಂದು ಪುಸ್ತಕದ ಕಪಾಟಿನ ಹಿಂದೆ, ನನ್ನ ಬಕೆಟ್ಟಿನ ಪಕ್ಕ ಕೂರಿಸಿ ನಾನೂ ಕೂತೆ. ಬಾಗಿಲು ಸದ್ದಾದಾಗಲೆಲ್ಲ ಪುಸ್ತಕಗಳ ಸಂದಿಯಿಂದ ಯಾರೆಂದು ನೋಡುತ್ತಿದ್ದೆ. ಕೋಲಿನ ಮೇಲೆ ನಿಲ್ಲಿಸಿದ ಫೋನಿನ ಮುಂದೆ ಕ್ಯಾಲಮ್ “ಎಲ್ಲರಿಗೂ ಸ್ವಾಗತ” ಅಂದ. ಅದಕ್ಕೆ ಕಂಡದ್ದನ್ನು ಊರೆಲ್ಲ ಅದೇ ಗಳಿಗೆಯಲ್ಲಿ ಫೇಸ್‌ಬುಕ್ಕಿನಲ್ಲಿ ನೋಡುತ್ತದೆ. ದಾರಿನಾ ಇಣುಕಿದಳು. ಜಡೆ ಹಿಡಿದೆಳೆದು ಬಾಯಿ ಮುಚ್ಚಿದೆ. ಬೆರಳ ಸಂದಿಯಿಂದ ಪಿಸುಗುಟ್ಟಿದಳು:

“ಪುಸ್ತಕ ವಾಪಸ್ ಕೊಟ್ಬುಟ್ನಲ್ಲವ್ವಾ. ಒಂದ್ ಹಾಳೇನೂ ಹರ್ದಿಲ್ಲ.”

ಅಯ್ಯೋ, ನನ್ನ ಕೂಸು ಅಲ್ಲಿ ಕೂತು ತನ್ನದೇ ತಪ್ಪು ಹುಡುಕುತ್ತಿತ್ತು. ಅದರ ಬಾಯಿಯ ಮೇಲಿದ್ದದ್ದು ನನ್ನದೇ ಕೈ. ಥೂ, ನಾನೆಂಥ ತಾಯಿ.

ಎತ್ತಿಕೊಂಡು ಎದ್ದೆ. ಮಕ್ಕಳ ನಡುವೆ ನುಸುಳಿ, ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಫೋನಿಗೆ ಎದುರಾಗಿ ಕೂತೆ. ರಬ್ಬರ್ ಗವಸು ಇನ್ನೂ ಕೈಯಲ್ಲೇ ಇತ್ತು.

“ಎದ್ದೇಳು ಜೋಲಾನಾ!” ಐಲ್ಸಾ ಹಲ್ಲು ಕಚ್ಚಿದಳು. “ಲೈವ್ ಹೋಗ್ತಿದೆ!”

“ಓಗ್ಲಿ. ನಾವು ರೋಮಾ ಜನ. ಇವ್ಳು ನನ್ ಮಗ್ಳು ದಾರಿನಾ. ಕತೆ ಕೇಳಾಕ್ ಬಂದವ್ಳೆ.” ಐಲ್ಸಾಳತ್ತ ತಿರುಗಿದೆ. “ಅಳ್ಸೋದಾದ್ರೆ ಅವ್ರ್ ಮಾತ್ ಅಳ್ಸಿ ಮೇಡಂ. ನನ್ ಮಗೀನಲ್ಲ.”

ಐಲ್ಸಾ ಫೋನಿನತ್ತ ನುಗ್ಗಿದಳು. ಕ್ಯಾಲಮ್ ಎದ್ದು ಅವಳಿಗೆ ಅಡ್ಡ ನಿಂತ. ಅವನ ಕೈಯಲ್ಲಿ ಪುಸ್ತಕ ತೆರೆದೇ ಇತ್ತು.

“ಓದ್ಲಾ ತಮ್ಮಾ,” ಅಂದೆ.

ಅವನು ಓದತೊಡಗಿದ. ದಾರಿನಾ ಬಾಯಿ ತೆರೆದು ಕೇಳುತ್ತಿದ್ದಳು. ‘ಬಂದು ನೋಡ್ಕೋತೀವಿ’ ಅಂದವರೋ ಏನೋ, ಬೀದಿಯ ಕಡೆಯ ಗಾಜಿನಾಚೆ ಇಬ್ಬರು ಗಂಡಸರು ಬಂದು ನಿಂತರು. ಕೈಯಲ್ಲಿದ್ದ ಫೋನ್ ನೋಡಿದರು, ತಲೆಯೆತ್ತಿ ನಮ್ಮನ್ನು ನೋಡಿದರು, ಮತ್ತೆ ಫೋನ್ ನೋಡಿದರು. ನಾನು ಏಳಲಿಲ್ಲ.